ಹವಾನಾದ ತರಕಾರಿ ಮಡಿಗಳು: ಒಂದು ಪ್ರಕರಣ ಅಧ್ಯಯನ

ಪರಿಸ್ಥಿತಿ

1990ರಲ್ಲಿ ಕ್ಯೂಬಾ ಸರ್ಕಾರ ‘ಶಾಂತಿಕಾಲದ ವಿಶೇಷ ಅವಧಿ’ ಘೋಷಿಸಿದಾಗ ರಾಜಧಾನಿ ಹವಾನಾದಲ್ಲಿ ಸುಮಾರು 20 ಲಕ್ಷ ಜನರಿದ್ದರು. ಅವರು ತಿನ್ನುವ ತರಕಾರಿ ನಗರದಾಚೆಯ ದೊಡ್ಡ ಸರ್ಕಾರಿ ತೋಟಗಳಿಂದ ಲಾರಿಗಳಲ್ಲಿ ಬರುತ್ತಿತ್ತು. ಆ ತೋಟಗಳಿಗೆ ಬೇಕಾದ ಡೀಸೆಲ್, ಟ್ರ್ಯಾಕ್ಟರ್ ಬಿಡಿಭಾಗ, ರಸಗೊಬ್ಬರ, ಕೀಟನಾಶಕ ಎಲ್ಲವೂ ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನಿಂದ ಬರಬೇಕಿತ್ತು. ದೇಶದ ವಿದೇಶಿ ವ್ಯಾಪಾರದ ಶೇಕಡಾ 80ಕ್ಕೂ ಹೆಚ್ಚು ಭಾಗ ಆ ದೇಶಗಳ ಜೊತೆಗೇ ನಡೆಯುತ್ತಿತ್ತು. ಒಕ್ಕೂಟ ಕುಸಿದದ್ದೇ ತಡ, ಎಲ್ಲವೂ ಒಟ್ಟಿಗೆ ನಿಂತವು. ಹಳ್ಳಿಯಲ್ಲಿ ಬೆಳೆ ಇದ್ದರೂ ಲಾರಿಗೆ ಎಣ್ಣೆ ಇಲ್ಲ; ಲಾರಿ ಬಂದರೂ ಶೀತಲಗೃಹಕ್ಕೆ ಕರೆಂಟ್ ಇಲ್ಲ.

1980ರ ದಶಕದಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 2,900 ಕ್ಯಾಲರಿ ಸಿಗುತ್ತಿದ್ದದ್ದು 1993ರ ಹೊತ್ತಿಗೆ 1,900ಕ್ಕಿಂತ ಕೆಳಗಿಳಿಯಿತು. 1962ರಿಂದ ಜಾರಿಯಲ್ಲಿದ್ದ ಪಡಿತರ ಚೀಟಿಯಲ್ಲಿ ಅಕ್ಕಿ, ಸಕ್ಕರೆ, ಒಂದಿಷ್ಟು ಕಾಳು ಸಿಗುತ್ತಿತ್ತು. ಹಸಿ ತರಕಾರಿಗೆ ಅದರಲ್ಲಿ ಹೇಳಿಕೊಳ್ಳುವಂಥ ಜಾಗವಿರಲಿಲ್ಲ. ಇದರ ಫಲ ಹಸಿವಿಗಷ್ಟೇ ನಿಲ್ಲಲಿಲ್ಲ. 1991ರ ಕೊನೆಯಿಂದ 1993ರವರೆಗೆ 50,000ಕ್ಕೂ ಹೆಚ್ಚು ಜನರಿಗೆ ನರಗಳು ಹಾಳಾಗುವ ರೋಗ (ನ್ಯೂರೋಪತಿ) ಬಂತು. ಕಣ್ಣು ಮಂಜಾಗುವುದು, ಬಣ್ಣ ಗುರುತಿಸಲಾಗದಿರುವುದು, ಕಾಲು ಜೋಮು ಹಿಡಿಯುವುದು ಅದರ ಲಕ್ಷಣಗಳು. ಮೊದಲು ಕಾಣಿಸಿಕೊಂಡದ್ದು ತಂಬಾಕು ಬೆಳೆಯುವ ಪಿನಾರ್ ದೆಲ್ ರಿಯೋ ಪ್ರಾಂತ್ಯದಲ್ಲಿ. ಬಿ ಗುಂಪಿನ ಜೀವಸತ್ವಗಳ ಕೊರತೆಯ ಜೊತೆಗೆ ತಂಬಾಕು ಸೇವನೆ ಸೇರಿದ್ದು ಮುಖ್ಯ ಕಾರಣವೆಂದು ಗುರುತಿಸಲಾಯಿತು. 1993ರಲ್ಲಿ ಇಡೀ ದೇಶಕ್ಕೆ ಜೀವಸತ್ವದ ಮಾತ್ರೆ ಹಂಚಿದ ಮೇಲೆ ಹೊಸ ರೋಗಿಗಳ ಸಂಖ್ಯೆ ಇಳಿಯಿತು.

ಮಾತ್ರೆಯಿಂದ ರೋಗ ನಿಂತಿತು, ಊಟ ಸರಿಹೋಗಲಿಲ್ಲ. ಊಟ ಸರಿಪಡಿಸಲು ನಗರ ತನ್ನೊಳಗೇ ತರಕಾರಿ ಬೆಳೆಯತೊಡಗಿತು. ಜಗತ್ತಿನ ನಗರ ಕೃಷಿ ಪ್ರಕರಣಗಳಲ್ಲಿ ಇಷ್ಟು ದೊಡ್ಡದು, ಇಷ್ಟು ದೀರ್ಘಕಾಲ ನಡೆದದ್ದು ಅಪರೂಪ. ಇದನ್ನು ಜನರ ಉತ್ಸಾಹದ ಕಥೆಯಾಗಿ ಹೇಳುವವರೇ ಹೆಚ್ಚು. ಉತ್ಸಾಹ ಇದ್ದದ್ದು ನಿಜ. ಆದರೆ ಬಡಾವಣೆಯ ಮನೆಮನೆಗೆ ಸೊಪ್ಪು ಮುಟ್ಟಿದ್ದು ಬೇರೆ ಮೂರು ಕಾರಣಗಳಿಂದ ಎಂಬುದು ನಮ್ಮ ತೀರ್ಮಾನ: ಕಾಗದದ ಮೇಲೆ ಸಿಕ್ಕ ಭೂಮಿ, ತಪ್ಪದೆ ಬಂದ ಗೊಬ್ಬರ, ಬೇಲಿಯ ಬಾಗಿಲಲ್ಲೇ ನಡೆದ ಮಾರಾಟ. ಮೂರರಲ್ಲಿ ಗೊಬ್ಬರದ್ದೇ ಹೆಚ್ಚಿನ ತೂಕ. ಅದಕ್ಕಾಗಿಯೇ ಇಲ್ಲಿ ಅದರ ಲೆಕ್ಕವನ್ನು ಉದ್ದಕ್ಕೆ ಬಿಡಿಸಿದ್ದೇವೆ.

ಭೂಮಿ

ಖಾಲಿ ಸೈಟು, ಕೆಡವಿದ ಕಟ್ಟಡದ ಜಾಗ, ಕಸ ಸುರಿಯುತ್ತಿದ್ದ ತಗ್ಗು, ಬಹುಮಹಡಿ ವಸತಿಗಳ ನಡುವಿನ ಬಯಲು ಇವೆಲ್ಲ ಉಳುವವರ ಕೈಗೆ ಬಂದವು. ಕೊಟ್ಟದ್ದು ಅನುಭೋಗದ ಹಕ್ಕು: ಒಡೆತನ ಸರ್ಕಾರದ್ದೇ, ಬಾಡಿಗೆ ಇಲ್ಲ, ಬೆಳೆ ಇಡುತ್ತಿರುವವರೆಗೆ ಯಾರೂ ಎಬ್ಬಿಸುವಂತಿಲ್ಲ. 1993ರ ಸೆಪ್ಟೆಂಬರಿನಲ್ಲಿ ಬಂದ 142ನೇ ಕಾನೂನು ದೊಡ್ಡ ಸರ್ಕಾರಿ ತೋಟಗಳನ್ನು ಒಡೆದು ಕಾರ್ಮಿಕರ ಸಹಕಾರಿ ಘಟಕಗಳನ್ನಾಗಿ ಮಾಡಿತು. ಸ್ಪ್ಯಾನಿಷ್ ಹೆಸರಿನ ಮೊದಲಕ್ಷರಗಳಿಂದ ಅವುಗಳನ್ನು ಯುಬಿಪಿಸಿ ಎನ್ನುತ್ತಾರೆ. 2008ರ 259ನೇ ಕಾನೂನು ಪಾಳುಬಿದ್ದ ಭೂಮಿಯನ್ನು ಭೂಮಿಯಿಲ್ಲದವರಿಗೆ 13.42 ಹೆಕ್ಟೇರಿನವರೆಗೆ, ವ್ಯಕ್ತಿಗಳಿಗಾದರೆ ಹತ್ತು ವರ್ಷಕ್ಕೆ ಕೊಡುವ ದಾರಿ ತೆರೆಯಿತು. ಸೊಪ್ಪು–ತರಕಾರಿಗೆ ಹತ್ತು ವರ್ಷ ಸಾಕು. ಮಾವು, ನಿಂಬೆ ಹಾಕುವವರಿಗೆ ಸಾಲದು. ಫಲ ಹತ್ತುವ ಹೊತ್ತಿಗೆ ಅರ್ಧ ಅವಧಿ ಮುಗಿದಿರುತ್ತದೆ.

ಇಡೀ ಕಾರ್ಯಕ್ರಮಕ್ಕೆ ತಾಂತ್ರಿಕ ನೇತೃತ್ವ ಕೊಟ್ಟದ್ದು ಹವಾನಾದ ಹೊರವಲಯದ ಸಾಂತಿಯಾಗೊ ದೆ ಲಾಸ್ ವೇಗಾಸ್‌ನಲ್ಲಿರುವ ಇನಿಫಾಟ್ ಸಂಶೋಧನಾ ಸಂಸ್ಥೆ. ಅಲ್ಲಿನ ವಿಜ್ಞಾನಿ ಅಡೋಲ್ಫೊ ರೊಡ್ರಿಗೆಸ್ ನೊಡಾಲ್ಸ್ ನಗರ ಕೃಷಿಯ ರಾಷ್ಟ್ರೀಯ ತಂಡವನ್ನು ನಡೆಸಿದರು. ಪ್ರಾಂತ್ಯದ ರಾಜಧಾನಿಯಿಂದ 10 ಕಿ.ಮೀ. ದೂರದೊಳಗಿನ ಕೃಷಿಯನ್ನು ನಗರ ಕೃಷಿ ಎಂದು ಗುರುತಿಸಿದರು. ಒಬ್ಬರಿಗೆ ದಿನಕ್ಕೆ 300 ಗ್ರಾಂ ತರಕಾರಿ ಎಂಬ ಗುರಿ ಇಟ್ಟರು. ಈ 300 ಗ್ರಾಂ ಎಂಬ ಅಂಕಿ ಮುಂದಿನ ಎಲ್ಲ ಲೆಕ್ಕಕ್ಕೂ ಬುನಾದಿ.

ಹತ್ತಿರದಿಂದ ನೋಡಬೇಕಾದ ತೋಟ ಅಲಮಾರ್‌ನದು. ಹವಾನಾದ ಪೂರ್ವಕ್ಕೆ, 1970ರ ದಶಕದಲ್ಲಿ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಎಬ್ಬಿಸಿದ ಬಹುಮಹಡಿ ವಸತಿಗಳ ದೊಡ್ಡ ಬಡಾವಣೆ ಅದು. ನಗರದ ನಡುವಿನಿಂದ ದೂರ, ಬಸ್ಸು ಕಡಿಮೆ, ಮಾರುಕಟ್ಟೆ ಕಡಿಮೆ. ಅಲ್ಲಿ 1997ರಲ್ಲಿ ಕೃಷಿ ತಜ್ಞ ಮಿಗೆಲ್ ಸಾಲ್ಸಿನೆಸ್ ಮತ್ತು ಕೆಲವರು ಸೇರಿ ಚಿಕ್ಕ ಜಾಗದಲ್ಲಿ ‘ಆರ್ಗನೊಪೋನಿಕೊ ವಿವೆರೊ ಅಲಮಾರ್’ ಶುರು ಮಾಡಿದರು. ಗೊಬ್ಬರ–ಮಣ್ಣು ತುಂಬಿದ ಅಂಚುಮಡಿಗಳ ತೋಟವೇ ಆರ್ಗನೊಪೋನಿಕೊ. ಕಾಲಕ್ರಮದಲ್ಲಿ ಅದು ಸುಮಾರು 11 ಹೆಕ್ಟೇರಿಗೆ ಹಿಗ್ಗಿ, ಉಚ್ಛ್ರಾಯದಲ್ಲಿ ನೂರೈವತ್ತರಷ್ಟು ಜನರಿಗೆ ಕೆಲಸ ಕೊಟ್ಟಿತು. ಅಂದರೆ ಹೆಕ್ಟೇರಿಗೆ ಹದಿಮೂರು ಹದಿನಾಲ್ಕು ಜನ. ಕೈಯಿಂದಲೇ ನಡೆಯುವ ತರಕಾರಿ ಕೃಷಿಗೆ ಇಷ್ಟು ಆಳು ಬೇಕೇ ಬೇಕು. ಸ್ವಯಂಸೇವಕರನ್ನು ನೆಚ್ಚಿ ಯೋಜನೆ ಬರೆಯುವವರು ಈ ಅಂಕಿಯನ್ನು ಮೊದಲು ನೋಡಬೇಕು.

ಮಡಿ

ನಗರದ ನೆಲದಲ್ಲಿ ನೇರವಾಗಿ ಬೆಳೆಯುವುದು ಬಹುತೇಕ ಕಡೆ ಆಗದ ಕೆಲಸ. ಇಟ್ಟಿಗೆ ಚೂರು, ಗಾರೆ, ಗಟ್ಟಿಯಾಗಿ ತುಳಿದ ಮಣ್ಣು. ಆದ್ದರಿಂದ ಅಂಚು ಕಟ್ಟಿದ ಏರುಮಡಿಯನ್ನೇ ಮಾದರಿಯಾಗಿ ಇಟ್ಟುಕೊಂಡರು. ಮಣ್ಣು ಚೆನ್ನಾಗಿದ್ದ ಕಡೆ ಅಂಚಿಲ್ಲದೆ ನೆಲವನ್ನೇ ಏರಿಸಿ ಮಡಿ ಮಾಡಿದರು; ಅದರಲ್ಲಿ ಖರ್ಚು ಬಹಳ ಕಡಿಮೆ.

ಅಳತೆ ಹೀಗೆ. ಅಗಲ 1.2 ಮೀಟರ್. ಎರಡೂ ಬದಿಯಿಂದ ಕೈ ನಡುವಿಗೆ ಎಟುಕಬೇಕು, ಮಡಿಯ ಮೇಲೆ ಯಾರೂ ಕಾಲಿಡಬಾರದು. ಒಮ್ಮೆ ತುಳಿದರೆ ಸಡಿಲ ಮಣ್ಣು ಅಡಕವಾಗಿ ಆ ಜಾಗದಲ್ಲಿ ನೀರು ಇಳಿಯುವುದಿಲ್ಲ. ಉದ್ದ 25ರಿಂದ 30 ಮೀಟರ್. ಇನ್ನೂ ಉದ್ದವಾದರೆ ಜನ ಸುತ್ತಿ ಬರಲಾರದೆ ಮಡಿಯನ್ನೇ ದಾಟುತ್ತಾರೆ. ನಡುವೆ ಅರ್ಧ ಮೀಟರ್ ದಾರಿ. ತುಂಬಿದ ಮಣ್ಣಿನ ಆಳ ಕನಿಷ್ಠ 30 ಸೆಂ.ಮೀ. ತಳದಲ್ಲಿ ಐದಾರು ಸೆಂ.ಮೀ. ಜಲ್ಲಿ ಅಥವಾ ಇಟ್ಟಿಗೆ ಚೂರು, ಉದ್ದಕ್ಕೂ ಸಣ್ಣ ಇಳಿಜಾರು, ಕೆಳತುದಿಯಲ್ಲಿ ನೀರು ಹೋಗಲು ಕಿಂಡಿ. ಕಾಂಕ್ರೀಟ್ ನೆಲದ ಮೇಲೆ ಮಡಿ ಕಟ್ಟುವಾಗ ಈ ಕಿಂಡಿ ಮರೆತರೆ ಮೊದಲ ದೊಡ್ಡ ಮಳೆಗೇ ಬೇರು ಕೊಳೆಯುತ್ತದೆ. ಮಡಿ ಉತ್ತರ–ದಕ್ಷಿಣವಾಗಿ ಇದ್ದರೆ ಎತ್ತರದ ಬೆಳೆಯ ನೆರಳು ದಿನವಿಡೀ ಒಂದೇ ಮಡಿಯ ಮೇಲೆ ಬೀಳುವುದಿಲ್ಲ.

ಅಂಚಿಗೆ ಸಿಕ್ಕಿದ್ದೆಲ್ಲ ಬಳಕೆಯಾಯಿತು: ಕಲ್ಲು, ಹಳೆಯ ಹೆಂಚು, ಕಾಂಕ್ರೀಟ್ ಚಪ್ಪಡಿ, ಆಸ್ಬೆಸ್ಟಾಸ್ ಸಿಮೆಂಟಿನ ಶೀಟು. ಕೊನೆಯದನ್ನು ಯಾರೂ ಅನುಕರಿಸಬೇಡಿ. ಗುದ್ದಲಿ ತಾಗಿ ಶೀಟಿನ ಅಂಚು ಒಡೆದಾಗ ಏಳುವ ನಾರಿನ ಧೂಳು ಕೆಲಸಗಾರರ ಶ್ವಾಸಕೋಶ ಸೇರುತ್ತದೆ. ಹಳೆಯ ಬಣ್ಣ ಬಳಿದ ಮರ, ರಾಸಾಯನಿಕ ಕುಡಿಸಿದ ರೈಲು ಸ್ಲೀಪರ್ ಕೂಡ ಬೇಡ.

ತುಂಬುವ ಮಿಶ್ರಣದಲ್ಲಿ ಗಾತ್ರದ ಲೆಕ್ಕದಲ್ಲಿ ಕನಿಷ್ಠ ಅರ್ಧ ಭಾಗ ಚೆನ್ನಾಗಿ ಕಳಿತ ಗೊಬ್ಬರ, ಉಳಿದದ್ದು ಒಳ್ಳೆಯ ಮೇಲ್ಮಣ್ಣು. 25 ಮೀಟರಿನ ಒಂದು ಮಡಿ ಎಂದರೆ 30 ಚದರ ಮೀಟರ್. ತುಂಬಲು 9 ಘನ ಮೀಟರ್ ಮಿಶ್ರಣ, ಅದರಲ್ಲಿ ನಾಲ್ಕೂವರೆ ಘನ ಮೀಟರ್ ಗೊಬ್ಬರ. ಹತ್ತು ಮಡಿಗೆ 45 ಘನ ಮೀಟರ್. ಯೋಜನೆ ಕಾಗದದಿಂದ ನೆಲಕ್ಕಿಳಿಯುವಾಗ ಮೊದಲ ಪೆಟ್ಟು ಬೀಳುವುದು ಇಲ್ಲೇ. ಗೊಬ್ಬರ ಸಾಲದೆ ಕಟ್ಟಡದ ಮಣ್ಣು ತುಂಬಿಸಿದ ಮಡಿ ಮೊದಲ ವರ್ಷ ಹಸಿರಾಗಿ ಕಂಡರೂ ಎರಡನೆಯ ವರ್ಷಕ್ಕೆ ಗಟ್ಟಿಯಾಗುತ್ತದೆ.

ಗೊಬ್ಬರದ ಲೆಕ್ಕ

ಮಡಿ ಕಟ್ಟುವುದು ಒಂದೇ ಸಲದ ಕೆಲಸ, ಅದಕ್ಕೆ ಉಣಿಸುವುದು ಪ್ರತಿವರ್ಷದ ಕೆಲಸ. ಬೆಚ್ಚಗಿನ, ಸದಾ ತೇವವಿರುವ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾವಯವ ಅಂಶವನ್ನು ಬೇಗ ತಿಂದು ಮುಗಿಸುತ್ತವೆ. ಮಡಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ. ಹಾಗಾಗಿ ಕ್ಯೂಬಾದ ತಾಂತ್ರಿಕ ಸೂಚಿಯಲ್ಲಿ ವರ್ಷಕ್ಕೆ ಪ್ರತಿ ಚದರ ಮೀಟರಿಗೆ ಕನಿಷ್ಠ 10 ಕೆ.ಜಿ. ಗೊಬ್ಬರ ಹಾಕಬೇಕೆಂಬ ನಿಯಮ ಇದೆ. ಇದನ್ನು ಒಂದೇ ಸಲ ಸುರಿಯಬಾರದು. ನಾಟಿಗೆ ಮುನ್ನ ಎರಡರಿಂದ ಮೂರು ಕೆ.ಜಿ.ಯಂತೆ ವರ್ಷದಲ್ಲಿ ನಾಲ್ಕೈದು ಬಾರಿ ಹಾಕಿ, ಮೇಲಿನ ಹತ್ತು ಸೆಂ.ಮೀ. ಮಣ್ಣಿಗೆ ಬೆರೆಸಬೇಕು.

ಈಗ ಸಾವಿರ ಜನರ ಒಂದು ಬಡಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನಕ್ಕೆ 300 ಗ್ರಾಂ ಎಂದರೆ ಒಬ್ಬರಿಗೆ ವರ್ಷಕ್ಕೆ ಸುಮಾರು 110 ಕೆ.ಜಿ. ಆರ್ಗನೊಪೋನಿಕೊಗಳ ಗುರಿ ವರ್ಷಕ್ಕೆ ಚದರ ಮೀಟರಿಗೆ 20 ಕೆ.ಜಿ. ಇಳುವರಿ. ಆ ಲೆಕ್ಕದಲ್ಲಿ ಒಬ್ಬರಿಗೆ ಐದೂವರೆ ಚದರ ಮೀಟರ್ ಮಡಿ, ಸಾವಿರ ಜನಕ್ಕೆ 5,500 ಚದರ ಮೀಟರ್. ದಾರಿ, ಸಸಿಮಡಿ, ಗೊಬ್ಬರದ ಅಂಗಳ, ನೀರಿನ ತೊಟ್ಟಿ ಎಲ್ಲ ಸೇರಿದರೆ ಹೆಚ್ಚುಕಡಿಮೆ ಒಂದು ಹೆಕ್ಟೇರ್. ಅದಕ್ಕೆ ವರ್ಷಕ್ಕೆ 55 ಟನ್ ಸಿದ್ಧ ಗೊಬ್ಬರ.

ಈ 55 ಟನ್ ಎಲ್ಲಿಂದ? ಅಡುಗೆಮನೆಯ ಹಸಿಕಸದಲ್ಲಿ ಮುಕ್ಕಾಲು ಪಾಲು ನೀರೇ. ಒಣಗಿ, ಕಳಿತು ಉಳಿಯುವುದು ನಾಲ್ಕರಲ್ಲಿ ಅಥವಾ ಐದರಲ್ಲಿ ಒಂದು ಭಾಗ. ಸಾವಿರ ಜನರ ಮನೆಗಳಿಂದ ದಿನಕ್ಕೆ 300 ಕೆ.ಜಿ. ಹಸಿಕಸ ಬೇರ್ಪಟ್ಟು ಬಂದರೂ ವರ್ಷಕ್ಕೆ 22ರಿಂದ 27 ಟನ್ ಗೊಬ್ಬರವಷ್ಟೇ. ಅರ್ಧ ಬಂತು. ಉಳಿದ ಅರ್ಧ ಹೊರಗಿನಿಂದ ಬರಬೇಕು: ಹಟ್ಟಿಯ ಸಗಣಿ, ಮಾರುಕಟ್ಟೆಯ ತರಕಾರಿ ಕಸ, ಕತ್ತರಿಸಿದ ಮರದ ಸೊಪ್ಪು, ಗಿರಣಿಯ ತ್ಯಾಜ್ಯ. ಹವಾನಾಕ್ಕೆ ಸಗಣಿಯ ಜೊತೆಗೆ ಒದಗಿದ್ದು ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್, ಅಂದರೆ ಕಬ್ಬಿನ ರಸ ಸೋಸಿದಾಗ ಉಳಿಯುವ ಕೆಸರು. 2002ರಲ್ಲಿ ಸರ್ಕಾರ ನಷ್ಟದ ಕಾರಣಕ್ಕೆ 156 ಸಕ್ಕರೆ ಕಾರ್ಖಾನೆಗಳ ಪೈಕಿ 71ನ್ನು ಮುಚ್ಚಿತು. ಮುಚ್ಚಿದ ಕಾರ್ಖಾನೆಯಿಂದ ಪ್ರೆಸ್‌ಮಡ್ ಬರುವುದಿಲ್ಲ. ದೂರದ ಕಾರ್ಖಾನೆಯಿಂದ ತರಲು ಡೀಸೆಲ್ ಬೇಕು. ಬೇರೊಂದು ಇಲಾಖೆಯ ನಿರ್ಧಾರ ತರಕಾರಿ ಮಡಿಯ ಮೇಲೆ ಪರಿಣಾಮ ಬೀರುವುದು ಹೀಗೆ. ಗೊಬ್ಬರಕ್ಕೆ ಒಂದೇ ಮೂಲವನ್ನು ನೆಚ್ಚಿಕೊಳ್ಳಬೇಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಗೊಬ್ಬರ ಮಾಡುವ ವಿಧಾನದಲ್ಲಿ ಗುಟ್ಟೇನಿಲ್ಲ, ಶಿಸ್ತು ಬೇಕು. ಬುಡದಲ್ಲಿ ಎರಡು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಉದ್ದನೆಯ ರಾಶಿ. ಇದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ, ದೊಡ್ಡದಾದರೆ ಒಳಗೆ ಗಾಳಿ ಹೋಗದೆ ನಾರುತ್ತದೆ. ಹಸಿ ಕಸ ಒಂದು ಪಾಲಿಗೆ ಒಣ ಎಲೆ, ಹುಲ್ಲು, ಕಡ್ಡಿಚೂರು ಎರಡು ಪಾಲು, ಗಾತ್ರದ ಲೆಕ್ಕದಲ್ಲಿ. ತೇವ ನೋಡಲು ರಾಶಿಯ ಒಳಗಿನಿಂದ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಒಸರಿದರೆ ಸರಿ. ಧಾರೆ ಇಳಿದರೆ ಒಣ ಎಲೆ ಸೇರಿಸಿ ಮಗುಚಬೇಕು; ಮುಷ್ಟಿ ಬಿಟ್ಟೊಡನೆ ಪುಡಿಯಾಗಿ ಉದುರಿದರೆ ನೀರು ಚಿಮುಕಿಸಬೇಕು. ರಾಶಿಯೊಳಗೆ 55ರಿಂದ 65 ಡಿಗ್ರಿ ಕಾವು ಹದಿನೈದು ದಿನ ಇರಬೇಕು, ಆ ಅವಧಿಯಲ್ಲಿ ಐದು ಬಾರಿ ಹೊರಗಿನದು ಒಳಗಾಗುವಂತೆ ಮಗುಚಬೇಕು. ರೋಗಾಣು, ಕಳೆಬೀಜ ಸಾಯುವುದು ಆಗಲೇ. ಆಮೇಲೆ ಎರಡು ಮೂರು ತಿಂಗಳು ಸುಮ್ಮನೆ ಬಿಡಬೇಕು. ಅರ್ಧ ಕಳಿತದ್ದನ್ನು ಎರೆಹುಳುವಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಅಲಮಾರ್ ತೋಟದಲ್ಲಿ ಎರೆಗೊಬ್ಬರದ ಉತ್ಪಾದನೆ ದೊಡ್ಡ ವಿಭಾಗವಾಗಿಯೇ ಬೆಳೆಯಿತು. ಕಾವಿರುವ ರಾಶಿಗೆ ಹುಳು ಬಿಟ್ಟರೆ ಎಲ್ಲ ಸತ್ತುಹೋಗುತ್ತವೆ; 35 ಡಿಗ್ರಿ ದಾಟಿದರೆ ಅವು ಉಳಿಯುವುದಿಲ್ಲ.

ಅವಸರದಲ್ಲಿ ಅರೆಕಳಿತ ಗೊಬ್ಬರ ಹಾಕುವುದೇ ಸಾಮಾನ್ಯ ತಪ್ಪು. ಅದು ಮಣ್ಣಿನ ಸಾರಜನಕವನ್ನು ತಾನೇ ಹೀರಿಕೊಳ್ಳುತ್ತದೆ, ಸಸಿ ಹಳದಿಯಾಗಿ ನಿಂತುಬಿಡುತ್ತದೆ. ಪರೀಕ್ಷೆ ಸುಲಭ: ಒಂದು ಕುಂಡದಲ್ಲಿ ಗೊಬ್ಬರ ಮತ್ತು ಮಣ್ಣು ಸಮಭಾಗ ತುಂಬಿ ಇಪ್ಪತ್ತು ಮೂಲಂಗಿ ಬೀಜ ಹಾಕಿ. ಬರೀ ಮಣ್ಣಿನ ಕುಂಡದಲ್ಲಿ ಬಂದಷ್ಟೇ ಮೊಳಕೆ ಇಲ್ಲೂ ಬಂದು ವಾರದಲ್ಲಿ ಹಸಿರಾಗಿದ್ದರೆ ಮಡಿಗೆ ಹಾಕಬಹುದು. ಹಸಿ ಸಗಣಿಯನ್ನಂತೂ ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಎಂದೂ ಹಾಕಬಾರದು. ರಸ್ತೆ ಗುಡಿಸಿದ ಕಸ, ವಿಂಗಡಿಸದ ಊರಕಸದ ಗೊಬ್ಬರ ಕೂಡ ಬೇಡ. ಬ್ಯಾಟರಿ, ಬಣ್ಣ, ಟೈರಿನ ಪುಡಿಯಿಂದ ಸೀಸ, ಕ್ಯಾಡ್ಮಿಯಂ, ಸತು ಅದರಲ್ಲಿ ಸೇರಿರುತ್ತವೆ. ಒಮ್ಮೆ ಮಡಿಗೆ ಬಿದ್ದ ಲೋಹವನ್ನು ತೆಗೆಯುವ ದಾರಿ ಮಣ್ಣನ್ನೇ ಹೊರಹಾಕುವುದು.

ಬೆಳೆಯ ಸರದಿ

1994ರ ಸುಮಾರಿಗೆ ಆರ್ಗನೊಪೋನಿಕೊಗಳ ಇಳುವರಿ ಚದರ ಮೀಟರಿಗೆ ಒಂದೂವರೆ, ಎರಡು ಕೆ.ಜಿ. ಮಾತ್ರ ಇತ್ತು. ಆಮೇಲೆ 20ರ ಆಸುಪಾಸಿಗೆ ಏರಿದ್ದಕ್ಕೆ ಗೊಬ್ಬರದಷ್ಟೇ ದೊಡ್ಡ ಕಾರಣ ಮಡಿ ಖಾಲಿ ಬಿಡದ ಪದ್ಧತಿ. ಬೆಳಿಗ್ಗೆ ಕೊಯ್ದ ಮಡಿಗೆ ಗೊಬ್ಬರ ಬೆರೆಸಿ ಸಂಜೆಗೇ ಸಸಿ ನೆಡುವುದು. ಇದು ಸಾಧ್ಯವಾಗಬೇಕಾದರೆ ಸಸಿಮಡಿ ಮೂರು ವಾರ ಮುಂದೆ ಓಡುತ್ತಿರಬೇಕು. ಲೆಟಿಸ್ ಸಸಿಮಡಿಯಲ್ಲಿ 20–25 ದಿನ, ಮಡಿಯಲ್ಲಿ 30–35 ದಿನ. 20 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ 25 ಗಿಡ, ಗಿಡ ಒಂದಕ್ಕೆ 120–150 ಗ್ರಾಂ ಬಂದರೆ ಒಂದು ಬೆಳೆಗೆ ಮೂರು ಕೆ.ಜಿ.ಗೂ ಮೇಲೆ. ಇಂಥ ಆರೇಳು ಬೆಳೆ ಸೇರಿದರೆ ಗುರಿ ಮುಟ್ಟುತ್ತದೆ. ನಿಧಾನ ಬೆಳೆಯುವ ಟೊಮೆಟೊ, ಬೀಟ್‌ರೂಟ್ ನಡುವೆ 25–30 ದಿನದ ಮೂಲಂಗಿ ಹಾಕಿದರೆ ಅದೇ ಜಾಗದಲ್ಲಿ ಇನ್ನೊಂದು ಬೆಳೆ.

ಹವಾನಾದಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ತರಕಾರಿಗೆ ಸುಗ್ಗಿ. ಬೇಸಿಗೆಯಲ್ಲಿ ಲೆಟಿಸ್ ಕಹಿಯಾಗಿ ಹೂವಿಗೆ ಹೋಗುತ್ತದೆ. ಆಗ ನೆರಳುಪರದೆ ಕಟ್ಟಬೇಕು ಅಥವಾ ಬೆಳೆ ಬದಲಿಸಬೇಕು: ಉದ್ದ ಅಲಸಂದೆ, ಬೆಂಡೆ, ಸೌತೆ, ಕಾಂಡ ಬಿಟ್ಟು ಎಲೆ ಕೊಯ್ಯುವ ಚಾರ್ಡ್ ಸೊಪ್ಪು. ಎಲೆ, ಬೇರು, ಕಾಳು, ಕಾಯಿ ಎಂಬ ಸರದಿ ತಪ್ಪಿಸದಿದ್ದರೆ ಮಣ್ಣಿನ ಒಂದೇ ಪದರದ ಸಾರ ಬರಿದಾಗುವುದಿಲ್ಲ, ರೋಗವೂ ನೆಲೆಯೂರುವುದಿಲ್ಲ.

ಕೀಟ, ಜಂತುಹುಳು, ನೀರು

ನಗರ ತೋಟಗಳಲ್ಲಿ ರಾಸಾಯನಿಕ ಕೀಟನಾಶಕಕ್ಕೆ ನಿಷೇಧವಿತ್ತು. ತರಕಾರಿ ಮಡಿಯಿಂದ ಮಕ್ಕಳ ಮಲಗುವ ಕೋಣೆಯ ಕಿಟಕಿ ಹತ್ತಿಪ್ಪತ್ತು ಮೀಟರ್ ದೂರದಲ್ಲಿರುವಾಗ ಬೇರೆ ದಾರಿಯೂ ಇಲ್ಲ. ಬದಲಿಗೆ ದೇಶದಾದ್ಯಂತ 200ಕ್ಕೂ ಹೆಚ್ಚು ಸಣ್ಣ ಪ್ರಯೋಗಾಲಯಗಳು ಕೀಟ ಕೊಲ್ಲುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬ್ಯಾಕ್ಟೀರಿಯಾ ಮತ್ತು ಬ್ಯೂವೇರಿಯಾ ಶಿಲೀಂಧ್ರ, ಬೇರಿನ ರೋಗ ತಡೆಯುವ ಟ್ರೈಕೋಡರ್ಮಾ ಶಿಲೀಂಧ್ರ, ಕೀಟಗಳ ಮೊಟ್ಟೆ ನಾಶಮಾಡುವ ಟ್ರೈಕೋಗ್ರಾಮಾ ಕಣಜ ಇವುಗಳನ್ನು ತಯಾರಿಸುತ್ತಿದ್ದವು. ಬಡಾವಣೆಯ ಕೃಷಿ ಸಲಹಾ ಅಂಗಡಿಯಲ್ಲಿ ಬೀಜ, ಗೊಬ್ಬರದ ಜೊತೆ ಇವೂ ಸಿಗುತ್ತಿದ್ದವು. ಅಂಗಡಿಯಲ್ಲಿ ಕೂತವರು ಕೃಷಿ ಓದಿದವರು. ರೋಗ ಹಿಡಿದ ಎಲೆ ಹಿಡಿದುಕೊಂಡು ಹೋದರೆ ನೋಡಿ ಹೇಳುತ್ತಿದ್ದರು. ಈ ಔಷಧಗಳು ಜೀವಂತ. ಬಿಸಿಲಲ್ಲಿ ಸಿಂಪಡಿಸಿದರೆ ಗಂಟೆಗಳಲ್ಲಿ ಸಾಯುತ್ತವೆ, ಕ್ಲೋರಿನ್ ಹಾಕಿದ ನಲ್ಲಿ ನೀರಲ್ಲಿ ಕಲಸಿದರೂ ಅದೇ ಗತಿ. ಒಂದು ರಾತ್ರಿ ತೆರೆದಿಟ್ಟ ನೀರು, ಸೂರ್ಯ ಮುಳುಗುವ ಹೊತ್ತು. ಎರಡನ್ನೂ ಪಾಲಿಸಿದರೆ ಕೆಲಸ ಮಾಡುತ್ತವೆ. ಮಡಿಯ ತುದಿಗಳಲ್ಲಿ ಚೆಂಡುಹೂವು, ಸೂರ್ಯಕಾಂತಿ, ಸುತ್ತಲೂ ಜೋಳ ಅಥವಾ ಮುಸುಕಿನ ಜೋಳದ ಎರಡು ಸಾಲು. ಗುಲಗಂಜಿ ಹುಳುಗಳಂಥ ಮಿತ್ರಕೀಟಗಳು ಅಲ್ಲಿ ಮನೆ ಮಾಡುತ್ತವೆ.

ಅಂಚು ಕಟ್ಟಿದ ಮಡಿಯ ದೊಡ್ಡ ಶತ್ರು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಮಣ್ಣಲ್ಲಿ ವರ್ಷವಿಡೀ ಟೊಮೆಟೊ, ಸೌತೆ, ಲೆಟಿಸ್ ಬಂದರೆ ಬೇರುಗಂಟಿನ ಜಂತುಹುಳು ಹೆಚ್ಚುತ್ತದೆ. ಮಧ್ಯಾಹ್ನ ಬಾಡಿ ಸಂಜೆ ಚೇತರಿಸಿಕೊಳ್ಳುವ ಗಿಡವನ್ನು ಕಿತ್ತು ನೋಡಿದರೆ ಬೇರಿನುದ್ದಕ್ಕೂ ಸಾಸಿವೆಯಿಂದ ಕಡಲೆಯ ಗಾತ್ರದವರೆಗಿನ ಗಂಟುಗಳು. ನೀರು ಸಾಲಲಿಲ್ಲವೆಂದು ಇನ್ನಷ್ಟು ಹಾಯಿಸುವವರೇ ಹೆಚ್ಚು, ಅದರಿಂದ ಪ್ರಯೋಜನವಿಲ್ಲ. ಕ್ಯೂಬಾದಲ್ಲಿ ಬಳಸುವ ಉಪಾಯ ಬಲೆ ಬೆಳೆ. ಮೂಲಂಗಿ ಅಥವಾ ಲೆಟಿಸನ್ನು ಒತ್ತಾಗಿ ಹಾಕಿ, ಬೇರಿನೊಳಗೆ ಹೊಕ್ಕ ಹುಳು ಮೊಟ್ಟೆ ಇಡುವ ಮುನ್ನ, 25 ದಿನದೊಳಗೆ, ಬೇರು ಸಮೇತ ಕಿತ್ತು ಹಾಕಬೇಕು. ಐದು ದಿನ ತಡವಾದರೆ ಬಲೆಯೇ ತವರಾಗುತ್ತದೆ. ಕಿತ್ತ ಬೇರನ್ನು ಗೊಬ್ಬರದ ರಾಶಿಗೆ ಹಾಕದೆ ಸಿಮೆಂಟ್ ನೆಲದ ಮೇಲೆ ಸುಡುಬಿಸಿಲಿಗೆ ಒಣಗಿಸಬೇಕು. ಆಮೇಲೆ ಎಳ್ಳು, ಚೆಂಡುಹೂವು ಅಥವಾ ಜೋಳದ ಒಂದು ಸುತ್ತು. ಬೇಸಿಗೆಯಲ್ಲಿ ಒದ್ದೆ ಮಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನಾಲ್ಕರಿಂದ ಆರು ವಾರ ಬಿಟ್ಟರೂ ಹುಳು ತಗ್ಗುತ್ತದೆ.

ನೀರು ಚದರ ಮೀಟರಿಗೆ ದಿನಕ್ಕೆ ಐದು ಲೀಟರಿನ ಲೆಕ್ಕ. 5,500 ಚದರ ಮೀಟರಿಗೆ 27,500 ಲೀಟರ್. ತುಂತುರು ನೀರಾವರಿಗೆ ಪಂಪು ಬೇಕು, ಪಂಪಿಗೆ ಕರೆಂಟು. ಕರೆಂಟು ಹೋಗುವ ಊರಲ್ಲಿ ಒಂದು ದಿನದ ನೀರು ಹಿಡಿಯುವ ಎತ್ತರದ ತೊಟ್ಟಿ ಇಲ್ಲದಿದ್ದರೆ ಎಳೆ ಸಸಿ ಒಂದೇ ಮಧ್ಯಾಹ್ನಕ್ಕೆ ಸುಟ್ಟುಹೋಗುತ್ತದೆ. ಉಪ್ಪುನೀರಿನ ಬಾವಿ, ಅತಿಯಾದ ಕೋಳಿಗೊಬ್ಬರ, ಮುಚ್ಚಿಹೋದ ಕಿಂಡಿ ಈ ಮೂರೂ ಸೇರಿದರೆ ಮಡಿಯ ಮೇಲೆ ಬಿಳಿ ಪೊರೆ ಕಾಣಿಸುತ್ತದೆ. ಅದು ಉಪ್ಪು. ಕಿಂಡಿ ಬಿಡಿಸಿ, ಸಿಹಿನೀರು ಧಾರಾಳವಾಗಿ ಹಾಯಿಸಿ ತೊಳೆಯಬೇಕು.

ಬಾಗಿಲಲ್ಲಿ ಮಾರಾಟ

ಇಷ್ಟೆಲ್ಲ ಬೆಳೆದದ್ದು ಯಾರ ಹೊಟ್ಟೆಗೆ ಹೋಯಿತು ಎಂಬುದರ ಮೇಲೆ ಪ್ರಕರಣದ ಬೆಲೆ ನಿಂತಿದೆ. ತೋಟದ ಗೇಟಿನ ಪಕ್ಕದಲ್ಲೇ ಮಾರಾಟದ ಕಟ್ಟೆ. ಅಂದಿನ ಸೊಪ್ಪು, ಬೆಲೆ ಎರಡನ್ನೂ ಬರೆದ ಹಲಗೆ. ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನದೊಳಗೆ ಖಾಲಿ. ಲಾರಿ ಇಲ್ಲ, ದಲ್ಲಾಳಿ ಇಲ್ಲ, ಶೀತಲಗೃಹ ಇಲ್ಲ, ಬಾಡಿ ಎಸೆಯುವ ನಷ್ಟ ಬಹಳ ಕಡಿಮೆ. 1994ರ ಅಕ್ಟೋಬರಿನಲ್ಲಿ ರೈತರ ಮುಕ್ತ ಮಾರುಕಟ್ಟೆಗಳು ತೆರೆದಾಗ ಅಲ್ಲಿನ ಬೆಲೆ ಸಂಬಳದಾರರ ಕೈಗೆ ಎಟುಕುತ್ತಿರಲಿಲ್ಲ. ಬಡಾವಣೆಯ ತೋಟಗಳು ಅದಕ್ಕಿಂತ ಕಡಿಮೆಗೆ ಮಾರಿದವು. ಶಿಶುವಿಹಾರ, ಶಾಲೆ, ಆಸ್ಪತ್ರೆ, ಗರ್ಭಿಣಿಯರ ಆರೈಕೆ ಕೇಂದ್ರಗಳಿಗೆ ರಿಯಾಯಿತಿ ದರದಲ್ಲಿ ಒಂದು ಪಾಲು ಕೊಡುವ ಹೊಣೆಯೂ ಇತ್ತು. ಅಲಮಾರ್ ತನ್ನ ಬೆಳೆಯ ಬಹುಪಾಲನ್ನು ಸುತ್ತಲಿನ ನಿವಾಸಿಗಳಿಗೇ ಮಾರುತ್ತಿತ್ತು. ಕೆಲಸಗಾರರಿಗೆ ತಿಂಗಳ ಮುಂಗಡದ ಜೊತೆಗೆ ಲಾಭದಲ್ಲಿ ಪಾಲು ಸಿಗುತ್ತಿತ್ತು, ಹಳಬರಿಗೆ ಹೆಚ್ಚು. ಜನ ಬಿಟ್ಟುಹೋಗದೆ ನಿಂತದ್ದು ಈ ಪಾಲಿನಿಂದ.

ಸೊಪ್ಪು ಸಿಕ್ಕ ಮಾತ್ರಕ್ಕೆ ಜನ ತಿನ್ನುವುದಿಲ್ಲ. ಕ್ಯೂಬಾದ ಊಟವೆಂದರೆ ಅನ್ನ, ಕಾಳು, ಹಂದಿಮಾಂಸ, ಬಾಳೆಕಾಯಿ. ಚಾರ್ಡ್, ಬೋಕ್ ಚಾಯ್ ಅನೇಕರಿಗೆ ಹೊಸತು. ಮರಿಯಾನಾವೊ ಬಡಾವಣೆಯಲ್ಲಿ ವಿಲ್ಡಾ ಫಿಗೆರೊವಾ ಮತ್ತು ಹೊಸೆ ಲಾಮಾ ದಂಪತಿ 1996ರಿಂದ ತರಕಾರಿ ಅಡುಗೆ, ಒಣಗಿಸುವಿಕೆ, ಉಪ್ಪಿನಕಾಯಿ, ವಿನೆಗರಿನಲ್ಲಿ ಕಾಪಿಡುವ ವಿಧಾನಗಳನ್ನು ನೆರೆಹೊರೆಗೆ ಕಲಿಸತೊಡಗಿದರು. ಅದು ಟಿವಿ ಕಾರ್ಯಕ್ರಮವಾಗಿ ದೇಶದಾದ್ಯಂತ ತಲುಪಿತು. ತೋಟಕ್ಕೆ ಬೀಜ ಎಷ್ಟು ಮುಖ್ಯವೋ ಅಡುಗೆ ಪಾಠವೂ ಅಷ್ಟೇ ಮುಖ್ಯ ಎಂದು ನಾವು ನಂಬುತ್ತೇವೆ. ಹೊಸ ಸೊಪ್ಪನ್ನು ಮನೆಗಳು ಈಗಾಗಲೇ ಮಾಡುವ ಅಡುಗೆಗೆ ಸೇರಿಸಿ ಕಲಿಸಿದರೆ ಮಾತ್ರ ಅದು ಉಳಿಯುತ್ತದೆ.

ಎಲ್ಲಿ ನಿಂತಿತು

ನಗರ ತೋಟಗಳಿಂದ ಹೊಟ್ಟೆ ತುಂಬುವ ಕ್ಯಾಲರಿ ಬರಲಿಲ್ಲ, ಬರಲು ಸಾಧ್ಯವೂ ಇರಲಿಲ್ಲ. ಅಕ್ಕಿ, ಗೋಧಿ, ಕಾಳು, ಎಣ್ಣೆಗೆ ಕ್ಯೂಬಾ ಇಂದಿಗೂ ಆಮದನ್ನೇ ಬಹಳವಾಗಿ ನೆಚ್ಚಿದೆ. 300 ಗ್ರಾಂ ಸೊಪ್ಪು–ತರಕಾರಿಯಲ್ಲಿ ನೂರು ಕ್ಯಾಲರಿ ಇದ್ದರೆ ಹೆಚ್ಚು. ಅದು ಕೊಡುವುದು ಫೋಲೇಟ್, ಸಿ ಜೀವಸತ್ವ, ಎ ಜೀವಸತ್ವವಾಗಿ ಬದಲಾಗುವ ಕ್ಯಾರೋಟಿನ್, ನಾರು. ಈ ಗೆರೆ ಮರೆತು ‘ನಗರ ತನ್ನನ್ನು ತಾನೇ ಉಣಿಸಿಕೊಂಡಿತು’ ಎನ್ನುವುದು ತಪ್ಪು.

2021ರ ಜನವರಿಯಲ್ಲಿ ಎರಡು ಕರೆನ್ಸಿಗಳನ್ನು ಒಂದಾಗಿಸಿದ ಮೇಲೆ ಬೆಲೆಗಳು ಭಾರಿಯಾಗಿ ಏರಿದವು. ಇಂಧನದ ಅಭಾವ, ದಿನಗಟ್ಟಲೆ ಕರೆಂಟ್ ಕಡಿತ, ಯುವಜನರ ದೊಡ್ಡ ಪ್ರಮಾಣದ ವಲಸೆ ಒಂದರ ಮೇಲೊಂದು ಬಂದವು. ದೊಡ್ಡ ತೋಟಗಳಿಗೆ ಗೊಬ್ಬರ ಸಾಗಿಸಲು ಲಾರಿ ಇಲ್ಲ, ಪಂಪಿಗೆ ಕರೆಂಟಿಲ್ಲ, ಮಡಿಗೆ ಆಳಿಲ್ಲ. ಹೋಟೆಲು ಮತ್ತು ಖಾಸಗಿ ರೆಸ್ಟೋರೆಂಟುಗಳು ಒಳ್ಳೆಯ ಬೆಲೆ ಕೊಡುವಾಗ ಪುದೀನ, ಎಳೆ ಲೆಟಿಸ್ ಅತ್ತ ಹರಿಯುತ್ತವೆ. ಪಿಂಚಣಿಯಲ್ಲಿ ಬದುಕುವ ಮುದುಕಿಗೆ ಹಲಗೆಯ ಮೇಲಿನ ಬೆಲೆ ದುಬಾರಿ. ತೋಟಕ್ಕೆ ಆ ಆದಾಯವೂ ಬೇಕು. ಹಾಗಾಗಿ ಬಡವರ ಪಾಲನ್ನು ಕೆ.ಜಿ.ಗಳಲ್ಲಿ ಮೊದಲೇ ಬರೆದಿಡದಿದ್ದರೆ ಅದು ತಾನಾಗಿ ಕರಗುತ್ತದೆ.

ಬೇರೆ ನಗರದಲ್ಲಿ ಶುರು ಮಾಡುವಾಗ

ಮೊದಲ ಕೆಲಸ ಗೊಬ್ಬರದ ಎರಡು ಮೂಲಗಳನ್ನು ಬರವಣಿಗೆಯಲ್ಲಿ ಖಚಿತ ಮಾಡಿಕೊಳ್ಳುವುದು. ಎರಡನೆಯದು ಕನಿಷ್ಠ ಐದು ವರ್ಷದ ಭೂಮಿ ಪತ್ರ. ಮೂರನೆಯದು ಆ ಜಾಗದಲ್ಲಿ ಹಿಂದೆ ಏನಿತ್ತು ಎಂದು ವಿಚಾರಿಸಿ, ಸೀಸಕ್ಕಾಗಿ ಮಣ್ಣು ಪರೀಕ್ಷೆ ಮಾಡಿಸುವುದು. ಗ್ಯಾರೇಜು, ಬಣ್ಣದ ಕಾರ್ಖಾನೆ, ಬ್ಯಾಟರಿ ಗುಜರಿ ಇದ್ದರೆ ಅಂಚುಮಡಿಯ ತಳಕ್ಕೆ ದಪ್ಪ ಬಟ್ಟೆಯ ಪದರ ಹಾಸಿ ಹೊರಗಿನ ಮಣ್ಣು ತುಂಬಬೇಕು. ಆಮೇಲೆ ಹತ್ತೇ ಮಡಿ. 300 ಚದರ ಮೀಟರ್, ವರ್ಷಕ್ಕೆ ಮೂರು ಟನ್ ಗೊಬ್ಬರ, ದಿನಕ್ಕೆ 1,500 ಲೀಟರ್ ನೀರು. ಮೊದಲ ವರ್ಷದ ಲೆಕ್ಕವನ್ನು 20 ಕೆ.ಜಿ.ಗೆ ಹಾಕಬೇಡಿ, 10ಕ್ಕೆ ಹಾಕಿ: ಮೂರು ಟನ್ ತರಕಾರಿ, ಇಪ್ಪತ್ತೇಳು ಜನರ ವರ್ಷದ ಪಾಲು. ಇಷ್ಟು ಸಣ್ಣ ಸಂಖ್ಯೆ ನೋಡಿ ಬೇಸರಪಡಬಾರದು. ಸಾವಿರ ಜನರ ಆಸೆ ತೋರಿಸಿ ನೂರು ಜನರಿಗೂ ಕೊಡಲಾಗದಿದ್ದರೆ ಬಡಾವಣೆ ಮತ್ತೆ ಗೇಟಿನ ಬಳಿ ಬರುವುದಿಲ್ಲ.

ಪ್ರತಿ ಮಡಿಗೂ ನಂಬರು ಬರೆದು ಒಂದು ಪುಸ್ತಕ ಇಡಿ. ನಾಟಿಯ ದಿನ, ಹಾಕಿದ ಗೊಬ್ಬರದ ಕೆ.ಜಿ., ಕೊಯ್ದ ಕೆ.ಜಿ., ರಿಯಾಯಿತಿಯಲ್ಲಿ ಹೋದದ್ದೆಷ್ಟು, ಪೂರ್ತಿ ಬೆಲೆಗೆ ಹೋದದ್ದೆಷ್ಟು. ಗೊಬ್ಬರ ಅಷ್ಟೇ ಬಿದ್ದು ಇಳುವರಿ ಎರಡು ಬೆಳೆ ಸತತವಾಗಿ ಇಳಿದ ಮಡಿಯಲ್ಲಿ ಮೂರು ಕಡೆ ಗಿಡ ಕಿತ್ತು ಬೇರು ನೋಡಬೇಕು. ಗಂಟಿದ್ದರೆ ಬಲೆ ಬೆಳೆ, ಬೇರು ಕಪ್ಪಾಗಿ ಕೊಳೆತಿದ್ದರೆ ಕಿಂಡಿ, ಬೇರು ಬೆಳ್ಳಗಿದ್ದೂ ಗಿಡ ಹಳದಿಯಾಗಿದ್ದರೆ ಗೊಬ್ಬರದ ರಾಶಿಯನ್ನೇ ಪರೀಕ್ಷಿಸಬೇಕು.